ಹೊರಗೆ ಬೆಳಕು ಬಂದದ್ದನ್ನು ತಿಳಿಯುವ ಬಗೆ



ಧರ್ಮೋಪದೇಶಕಾಂಡದ 22ನೇ ಅಧ್ಯಾಯದ 8ನೇ ವಚನದಲ್ಲಿ ಮನೆ ಕಟ್ಟುವವನಿಗೆ ಒಂದು ಆಜ್ಞೆಯುಂಟು. ಅದರ ತಾತ್ಪರ್ಯವೇನಂದರೆ, ಹೊಸ ಮನೆಯನ್ನು ಕಟ್ಟಿಸುವವನು ಮಾಳಿಗೆಯ ಸುತ್ತಲೂ ಸಣ್ಣ ಗೋಡೆಯನ್ನು ಎಬ್ಬಿಸತಕ್ಕದ್ದು. ಹಾಗೆ ಮಾಡದೆ ಯಾರಾದರೂ ಅಲ್ಲಿಂದ ಬಿದ್ದು ಪ್ರಾಣ ಬಿಟ್ಟರೆ ಆ ರಕ್ತದ ಹೊಣೆಯು ಆ ಮನೆಯ ಮೇಲೆ ಬರುವದು. ಇದನ್ನು ಓದುವ ನಮ್ಮಲ್ಲಿ ಅನೇಕರು, ನಮ್ಮದು ಹೆಂಚಿನ ಮನೆ, ನಮ್ಮ ಮಾಡಿನ ಮೇಲೆ ಯಾರೂ ತಿರುಗಾಡುವದಿಲ್ಲ, ಈ ಆಜ್ಞೆ ನಮಗೆ ಹತ್ತುವದಿಲ್ಲ ಎಂದು ಹಾಳೆಯನ್ನು ಮಗುಚಿಬಿಡುತ್ತೇವೆ. ಆದರೆ ಆಜ್ಞೆಯ ಒಳಗಣ ಅರ್ಥವನ್ನು ನೋಡಿರಿ. ಗೋಡೆಯಿಲ್ಲದ ಮಾಳಿಗೆಯನ್ನು ಕಟ್ಟಿದವನು ಯಾರನ್ನೂ ಹೊಡೆಯಲಿಲ್ಲ, ಯಾರ ಮೇಲೂ ಹಗೆ ಸಾಧಿಸಲಿಲ್ಲ. ತನ್ನ ಮನೆಯ ಸುಖವನ್ನು ನೋಡಿಕೊಂಡನೇ ಹೊರತು ಆ ಸುಖದಿಂದ ಪರರಿಗೆ ಬರಬಹುದಾದ ಕೇಡನ್ನು ನೋಡಲಿಲ್ಲ. ಅಷ್ಟಕ್ಕೇ ದೇವರು ಅವನಿಂದ ಲೆಕ್ಕ ಕೇಳುತ್ತಾನೆ.

ಈ ಕಾಲದಲ್ಲಿ ನಮ್ಮ ಹಳ್ಳಿಯ ಮನೆಗಳಿಗೆ ಅಂಥ ಒಂದು ಹೊಸ ಮಾಳಿಗೆ ಬಂದಿದೆ. ಅದು ಮನೆಯ ಹಿಂದೆ ಗುಡುಗುಟ್ಟುವ ಜನರೇಟರು. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ ಮೊದಲಾದ ಮಲೆನಾಡಿನ ಸೀಮೆಗಳಲ್ಲಿ ಮಳೆಗಾಲ ಹಿಡಿಯಿತೆಂದರೆ ಮರದ ಕೊಂಬೆಗಳು ತಂತಿಯ ಮೇಲೆ ಬೀಳುತ್ತವೆ, ಕಂಬಗಳು ಒರಗುತ್ತವೆ, ಒಂದೆರಡು ತಾಸಲ್ಲ, ಕೆಲವು ಸಾರಿ ದಿನಗಟ್ಟಲೆ ಕರೆಂಟು ಇಲ್ಲದೆ ಹೋಗುತ್ತದೆ. ಸಕ್ಕರೆ ರೋಗಿಯ ಇನ್ಸುಲಿನ್ ಔಷಧವು ಕೆಡದಂತೆ ತಂಪಾಗಿ ಇರಬೇಕು. ಬಾವಿಯ ನೀರು ಮೇಲಕ್ಕೆ ಬರಬೇಕು. ಪರೀಕ್ಷೆಗೆ ಓದುವ ಮಕ್ಕಳಿಗೆ ಬೆಳಕು ಬೇಕು. ಹೀಗಿರಲಾಗಿ ಅನುಕೂಲವುಳ್ಳವರು ಜನರೇಟರನ್ನು ತಂದಿಟ್ಟುಕೊಳ್ಳುವದು ತಪ್ಪಲ್ಲ, ವಿವೇಕವೇ ಸರಿ. ಅದರ ವಿಷಯದಲ್ಲಿ ಒಂದೇ ಒಂದು ಪ್ರಶ್ನೆಯನ್ನು ಈ ತಿಂಗಳು ನಾವು ವಿಚಾರಿಸೋಣ. ಪ್ರಶ್ನೆ ಚಿಕ್ಕದು, ಆದರೆ ಒಬ್ಬನ ಪ್ರಾಣವು ಅದಕ್ಕೆ ತೂಗುಬಿದ್ದಿದೆ. ಅದೇನಂದರೆ, ಜನರೇಟರು ನಡೆಯುತ್ತಿರುವಾಗ ಲೈನಿನ ಕರೆಂಟು ತಿರುಗಿ ಬಂದದ್ದನ್ನು ಮನೆಯೊಳಗಿನವರು ತಿಳುಕೊಳ್ಳುವದು ಹೇಗೆ?

ಮೊದಲನೆಯದಾಗಿ, ಮನೆಯೊಳಗಿರುವವರಿಗೆ ಅದು ಯಾಕೆ ತಿಳಿಯುವದಿಲ್ಲ ಎಂಬದನ್ನು ನೋಡೋಣ.

ನಮ್ಮ ನಾಡಿಗೆ ವಿದ್ಯುಚ್ಛಕ್ತಿಯು ಬಂದದ್ದು ಬಹಳ ಹಿಂದಿನ ಮಾತಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿಯ ನೀರಿನಿಂದ ಹುಟ್ಟಿಸಿದ ಶಕ್ತಿಯನ್ನು ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಹತ್ತಿದವು. ಈಗ ಅದೇ ಬಗೆಯ ಶಕ್ತಿಯು ದೂರದ ಸ್ಥಾವರಗಳಿಂದ ಹೊರಟು, ಸಬ್‌ಸ್ಟೇಷನ್ನಿಗೆ ಬಂದು, ಅಲ್ಲಿಂದ 11,000 ವೋಲ್ಟಿನ ತಂತಿಯ ಮೂಲಕ ನಮ್ಮ ಊರ ಟ್ರಾನ್ಸ್‌ಫಾರ್ಮರಿಗೆ ಮುಟ್ಟಿ, ಅದರೊಳಗೆ ಬಲವನ್ನು ತಗ್ಗಿಸಿಕೊಂಡು, 230 ವೋಲ್ಟಾಗಿ ನಮ್ಮ ಮೀಟರಿನೊಳಗೆ ಇಳಿಯುತ್ತದೆ. ಮೀಟರಿನಿಂದ ಮನೆಯ ದೀಪಗಳಿಗೆ ಹೋಗುವ ದಾರಿಯಲ್ಲಿ, ಜನರೇಟರು ಇರುವವರು ಚೇಂಜ್‌ಓವರ್ ಸ್ವಿಚ್ಚು ಎಂಬ ಒಂದು ಉಪಕರಣವನ್ನು ಹಾಕಿಸಿಕೊಳ್ಳತಕ್ಕದ್ದು. ಅದರ ಹಿಡಿಗೆ ಮೂರು ಸ್ಥಾನಗಳುಂಟು: ಒಂದು ಕಡೆ ಲೈನು, ಇನ್ನೊಂದು ಕಡೆ ಜನರೇಟರು, ನಡುವೆ ಎರಡೂ ಅಲ್ಲ. ಹಿಡಿಯು ಜನರೇಟರಿನ ಕಡೆಗಿರುವಾಗ ಮನೆಗೂ ಕಂಬಕ್ಕೂ ಯಾವ ಸಂಬಂಧವೂ ಇರುವದಿಲ್ಲ. ಒಂದೇ ಕಾಲದಲ್ಲಿ ಎರಡು ಕಡೆಗೂ ಸೇರುವದಕ್ಕೆ ಆ ಹಿಡಿಗೆ ಆಗುವದೇ ಇಲ್ಲ. ಇದೇ ಅದರ ಗುಣ.

ಈ ಗುಣದಿಂದಲೇ ಒಂದು ಕುರುಡುತನವೂ ಬರುತ್ತದೆ. ಹೊರಗಿನ ತಂತಿಗೆ ಕರೆಂಟು ತಿರುಗಿ ಬಂದರೂ ಅದು ಚೇಂಜ್‌ಓವರಿನ ಬಾಗಿಲಿಗೆ ಬಂದು ನಿಲ್ಲುವದೇ ಹೊರತು ಒಳಗೆ ಬಂದು ಸುದ್ದಿ ಹೇಳಲಾರದು. ಮನೆಯ ದೀಪಗಳು ಮೊದಲೇ ಉರಿಯುತ್ತಿವೆ. ಅವು ಹೆಚ್ಚುವದೂ ಇಲ್ಲ, ಕಡಿಮೆಯಾಗುವದೂ ಇಲ್ಲ. ಜನರೇಟರಿನ ಸದ್ದಿನಲ್ಲಿ ಆಚೆಮನೆಯವರ ಮಾತೂ ಕೇಳಿಸುವದಿಲ್ಲ. ಕತ್ತಲೆಯಲ್ಲಿ ಕೂತ ಬಡವನಿಗೆ ಕರೆಂಟು ಬಂದದ್ದು ಆ ಕ್ಷಣದಲ್ಲಿಯೇ ಗೊತ್ತಾಗುತ್ತದೆ, ಯಾಕಂದರೆ ಅವನು ಅದಕ್ಕಾಗಿ ಕಾದಿದ್ದಾನೆ. ಸ್ವಂತ ಬೆಳಕಿನಲ್ಲಿ ಕೂತವನಿಗೆ ಮಾತ್ರ ಗೊತ್ತಾಗುವದಿಲ್ಲ. ಸುಮಾರು 2 ಕಿಲೋವಾಟಿನ ಸಣ್ಣ ಪೆಟ್ರೋಲು ಜನರೇಟರು ತುಂಬ ಕೆಲಸ ಮಾಡುತ್ತಿರುವಾಗ ತಾಸಿಗೆ ಹೆಚ್ಚುಕಡಿಮೆ ಒಂದು ಲೀಟರು ಎಣ್ಣೆಯನ್ನು ಕುಡಿಯುತ್ತದೆ. ಊರಿಗೆಲ್ಲ ಬೆಳಕು ಬಂದ ಮೇಲೂ ರಾತ್ರಿಯಿಡೀ ಅದನ್ನು ಓಡಿಸುವವನು ಕೂಲಿಯಿಂದ ಕೂಡಿಸಿದ ಹಣವನ್ನು ಹೊಗೆಯಾಗಿ ಬಿಡುತ್ತಾನೆ.

ಎರಡನೆಯದಾಗಿ, ತಿಳುಕೊಳ್ಳುವದಕ್ಕೆ ಜನರು ಹಿಡಿಯುವ ಕೆಟ್ಟ ದಾರಿಯನ್ನು ಕುರಿತು ಹೇಳಬೇಕಾಗಿದೆ.

ಎಲ್ಲರ ಮನೆಯಲ್ಲಿಯೂ ಚೇಂಜ್‌ಓವರ್ ಸ್ವಿಚ್ಚು ಇಲ್ಲ. ಕೆಲವರು ಹಣ ಉಳಿಸುವದಕ್ಕಾಗಿ ಒಂದು ತಂತಿಯ ಎರಡು ತುದಿಗೂ ಪಿನ್ನು ಹಾಕಿ, ಒಂದನ್ನು ಜನರೇಟರಿಗೂ ಇನ್ನೊಂದನ್ನು ಗೋಡೆಯ ಪ್ಲಗ್ಗಿಗೂ ಚುಚ್ಚಿ, ಇಡೀ ಮನೆಗೆ ಬೆಳಕು ಮಾಡಿಕೊಳ್ಳುತ್ತಾರೆ. ಮೇನ್ ಸ್ವಿಚ್ಚನ್ನು ತೆಗೆದಿಟ್ಟಿದ್ದೇವೆ, ಇನ್ನೇನು ಭಯ ಎನ್ನುತ್ತಾರೆ. ಆ ತಂತಿಯ ಒಂದು ತುದಿಯು ಕಳಚಿ ಹೊರಗೆ ಬಂದರೆ ಅದರ ಬರಿಯ ಪಿನ್ನುಗಳಲ್ಲಿ 230 ವೋಲ್ಟು ನಿಂತಿರುತ್ತದೆ. ಮಗು ಮುಟ್ಟಿದರೆ ಏನಾಗುವದೆಂದು ನಾವು ಬರೆಯಬೇಕಾಗಿಲ್ಲ. ಇದಕ್ಕಿಂತಲೂ ದೊಡ್ಡ ಕೇಡು ಬೇರೊಂದುಂಟು. ಒಂದು ತಾಸಾಯಿತು, ಎರಡು ತಾಸಾಯಿತು, ಹೊರಗೆ ಕರೆಂಟು ಬಂತೋ ಇಲ್ಲವೋ ಎಂದು ಮನೆಯವರಿಗೆ ಸಂಶಯ ಹುಟ್ಟುತ್ತದೆ. ಆಗ ಒಬ್ಬನು, ಒಂದು ಗಳಿಗೆ ಮೇನ್ ಹಾಕಿ ನೋಡೋಣ ಎಂದು ಎದ್ದು ಹೋಗುತ್ತಾನೆ. ಜನರೇಟರು ನಡೆಯುತ್ತಲೇ ಇದೆ. ಅವನ ಕೈ ಮೇನಿನ ಮೇಲೆ ಇದೆ. ಪ್ರಿಯರೇ, ಈ ಒಂದು ಗಳಿಗೆಯ ವಿಷಯವಾಗಿಯೇ ನಾವು ಈ ಹಾಳೆಗಳನ್ನು ಬರೆಯುತ್ತಿದ್ದೇವೆ.

ಆಗ ಎರಡರಲ್ಲಿ ಒಂದು ಆಗುವದು. ಹೊರಗೆ ಕರೆಂಟು ಬಂದಿಲ್ಲವಾದರೆ, ನಮ್ಮ ಜನರೇಟರಿನ ಕರೆಂಟು ಮೀಟರಿನ ಮೂಲಕ ಹಿಂದಕ್ಕೆ ಹೊರಟು ಊರ ಟ್ರಾನ್ಸ್‌ಫಾರ್ಮರನ್ನು ಸೇರುತ್ತದೆ. ಟ್ರಾನ್ಸ್‌ಫಾರ್ಮರು ಒಂದು ಕಡೆಯಿಂದ ಬಂದರೆ ಬಲವನ್ನು ತಗ್ಗಿಸುತ್ತದೆ. ಇನ್ನೊಂದು ಕಡೆಯಿಂದ ಬಂದರೆ ಅದೇ ಲೆಕ್ಕದಲ್ಲಿ ಹೆಚ್ಚಿಸುತ್ತದೆ. ಅದಕ್ಕೆ ದಾರಿಯ ಭೇದ ಗೊತ್ತಿಲ್ಲ. ನಮ್ಮ ಅಂಗಳದಿಂದ ಹೊರಟ 230 ವೋಲ್ಟು ಕಂಬದ ಮೇಲೆ ಸಾವಿರಾರು ವೋಲ್ಟಾಗಿ ನಿಲ್ಲಬಲ್ಲದು. ಅಲ್ಲಿ ಯಾರಿದ್ದಾರೆ? ಮಳೆಯಲ್ಲಿ ನೆನೆಯುತ್ತಾ, ನಮ್ಮ ಮನೆಗೇ ಬೆಳಕು ಕೊಡಬೇಕೆಂದು, ಸಬ್‌ಸ್ಟೇಷನ್ನಿನಲ್ಲಿ ಲೈನು ಬಂದ್ ಮಾಡಿಸಿದ್ದೇನೆ ಎಂಬ ನಂಬಿಕೆಯಿಂದ ಕಂಬ ಹತ್ತಿದ ಲೈನ್‌ಮ್ಯಾನನು ಇದ್ದಾನೆ. ಅವನಿಗೂ ಹೆಂಡತಿ ಮಕ್ಕಳುಂಟು. ಅವನು ಮನೆಗೆ ತಿರುಗಿ ಬರುವನೆಂದು ಅವರೂ ದೀಪವಿಲ್ಲದೆ ಕಾದಿದ್ದಾರೆ.

ಕೆಲವರು ಹೇಳುವದುಂಟು: ನಮ್ಮ ಸಣ್ಣ ಯಂತ್ರದಿಂದ ಅಷ್ಟು ಆಗುವದೇ? ಊರಿನ ಮನೆಗಳ ಭಾರವೆಲ್ಲಾ ಅದರ ಮೇಲೆ ಬಿದ್ದರೆ ಅದು ತಾನಾಗಿ ನಿಂತುಹೋಗುವದಲ್ಲವೇ? ಹಲವು ಸಾರಿ ಹಾಗೆ ನಿಲ್ಲುವದೂ ನಿಜ. ಆದರೆ ತಂತಿಯು ಸಮೀಪದಲ್ಲಿಯೇ ಕಡಿದು ಬಿದ್ದಿದ್ದರೆ, ಇಲ್ಲವೆ ನೆರೆಯವರ ಫ್ಯೂಸುಗಳನ್ನು ತೆಗೆದಿದ್ದರೆ, ಯಂತ್ರದ ಮೇಲೆ ಭಾರ ಬೀಳುವದಿಲ್ಲ. ಅದು ನಿಲ್ಲುವದೂ ಇಲ್ಲ. ಇನ್ನು ಕೆಲವರು, ಲೈನ್‌ಮ್ಯಾನನು ಕೆಲಸಕ್ಕೆ ಮುಂಚೆ ತಂತಿಯನ್ನು ಭೂಮಿಗೆ ಸೇರಿಸಿ ಅರ್ಥಿಂಗ್ ಮಾಡಿಕೊಳ್ಳತಕ್ಕದ್ದು, ಅದು ಅವನ ಕರ್ತವ್ಯ ಎನ್ನುತ್ತಾರೆ. ಹೌದು, ಅದು ಅವನ ಕರ್ತವ್ಯ. ಆದರೆ ಮಾಳಿಗೆಯ ಮೇಲೆ ಹೋದವನು ಅಂಚನ್ನು ನೋಡಿಕೊಂಡು ನಡೆಯುವದೂ ಅವನವನ ಕರ್ತವ್ಯವೇ ಆಗಿತ್ತು. ಹಾಗಿದ್ದರೂ ಗೋಡೆ ಹಾಕಿಸುವ ಭಾರವನ್ನು ದೇವರು ಮನೆಯವನ ಮೇಲೆ ಇಟ್ಟನು. ಇನ್ನೊಬ್ಬನ ಜಾಗರೂಕತೆಯು ನಮ್ಮ ಅಜಾಗ್ರತೆಗೆ ಬೆಲೆ ತೆರತಕ್ಕದ್ದಲ್ಲ.

ಇನ್ನು, ಹೊರಗೆ ಕರೆಂಟು ಬಂದಿರುವದೇ ಆದರೆ ಏನಾಗುವದು? ನಮ್ಮ ದೇಶದ ಕರೆಂಟು ಒಂದು ಸೆಕೆಂಡಿಗೆ 50 ಸಾರಿ ಹಿಂದಕ್ಕೂ ಮುಂದಕ್ಕೂ ಹೊಯ್ದಾಡುತ್ತದೆ. ಜನರೇಟರಿನದೂ ಹೀಗೆಯೇ, ಆದರೆ ಅದರ ಹೆಜ್ಜೆ ಬೇರೆ. ಭಾರ ಬಿದ್ದಾಗ ಅದು ನಿಧಾನವಾಗುವದು, ಭಾರ ತೆಗೆದಾಗ ಚುರುಕಾಗುವದು. ಹೆಜ್ಜೆ ಕೂಡದ ಎರಡು ಶಕ್ತಿಗಳನ್ನು ಒಟ್ಟಿಗೆ ಸೇರಿಸಿದರೆ ಅವು ಒಂದನ್ನೊಂದು ಹೊಡೆಯುತ್ತವೆ. ಜನರೇಟರು ಸುಟ್ಟುಹೋಗುವದು, ತಂತಿ ಕಾಯುವದು, ಮನೆಗೆ ಬೆಂಕಿ ಹತ್ತುವದೂ ಆಗಬಹುದು. ದೊಡ್ಡ ದೊಡ್ಡ ಜಾಲಗಳಿಗೂ ಇದೇ ನಿಯಮ. ದಕ್ಷಿಣ ಭಾರತದ ವಿದ್ಯುತ್ ಜಾಲವು ಬಹುಕಾಲ ದೇಶದ ಉಳಿದ ಜಾಲದೊಂದಿಗೆ ಹೆಜ್ಜೆ ಕೂಡದೆ ಬೇರೆಯಾಗಿತ್ತು. 2013ನೇ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟಿನ ತಂತಿಯ ಮೂಲಕ ಅವೆರಡನ್ನೂ ಒಂದೇ ಹೆಜ್ಜೆಗೆ ತಂದು ಕೂಡಿಸಿದರು. ಅಷ್ಟು ಬಲ್ಲವರು ಅಷ್ಟು ಸಿದ್ಧತೆಯಿಂದ ಮಾಡಿದ ಕೆಲಸವನ್ನು ನಾವು ಕತ್ತಲೆಯ ಜಗಲಿಯಲ್ಲಿ, ಒಂದು ಕೈಯಲ್ಲಿ ಟಾರ್ಚು ಹಿಡಿದು, ನೋಡೋಣ ಎಂದು ಮಾಡಹೋಗುವದು ಬುದ್ಧಿಯೇ?

ಮೂರನೆಯದಾಗಿ, ತಿಳುಕೊಳ್ಳುವ ಒಳ್ಳೆಯ ದಾರಿಗಳು ಯಾವವು?

ಯೆಶಾಯನ 21ನೇ ಅಧ್ಯಾಯದಲ್ಲಿ, ರಾತ್ರಿ ಎಷ್ಟರ ಮಟ್ಟಿಗೆ ಬಂತೆಂದು ಕಾವಲುಗಾರನನ್ನು ಕೇಳುವ ಸಂಗತಿಯುಂಟು. ಮಲಗಿದವರು ಒಬ್ಬರನ್ನೊಬ್ಬರು ಕೇಳಲಿಲ್ಲ. ಎಚ್ಚರದಿಂದ ಹೊರಗಡೆಗೆ ನೋಡುತ್ತಾ ನಿಂತವನನ್ನು ಕೇಳಿದರು. ಇದನ್ನೇ ನಾವು ಸೂತ್ರವಾಗಿ ಹಿಡಿಯೋಣ: ಹೊರಗಿನ ಸುದ್ದಿಯನ್ನು ಹೇಳುವ ಸಾಕ್ಷಿಯು ಹೊರಗಡೆಗೆ ಸೇರಿದ್ದಾಗಿರಬೇಕು, ಜನರೇಟರಿನ ಅನ್ನವನ್ನು ಉಣ್ಣುವದಾಗಿರಬಾರದು.

ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ ಇದು. ಮನೆಯ ವೈರಿಂಗಿಗೆ ಜನರೇಟರನ್ನು ಸೇರಿಸಲೇಬೇಡಿರಿ. ಫ್ರಿಜ್ಜಿಗೆ ಒಂದು, ದೀಪಕ್ಕೆ ಒಂದು ಎಂದು ದಪ್ಪನೆಯ ಎಕ್ಸ್‌ಟೆನ್ಷನ್ ತಂತಿಗಳನ್ನು ಜನರೇಟರಿನಿಂದಲೇ ನೇರವಾಗಿ ಎಳೆದುಕೊಂಡು ಬೇಕಾದವುಗಳನ್ನು ಮಾತ್ರ ನಡಿಸಿರಿ. ಮನೆಯ ಮೇನ್ ಸ್ವಿಚ್ಚು ಇದ್ದಂತೆಯೇ ಇರಲಿ. ಭಾರವಾದ ಉಪಕರಣಗಳ ಸ್ವಿಚ್ಚುಗಳನ್ನು ಆರಿಸಿ, ಜಗಲಿಯ ಒಂದು ಬಲ್ಬಿನ ಸ್ವಿಚ್ಚನ್ನು ಹಾಕಿಯೇ ಬಿಡಿರಿ. ಲೈನಿನ ಕರೆಂಟು ಬಂದ ಕ್ಷಣದಲ್ಲಿ ಆ ಬಲ್ಬು ತಾನೇ ಹತ್ತುವದು. ಯಾರೂ ಎದ್ದು ಹೋಗಿ ಯಾವ ಹಿಡಿಯನ್ನೂ ಎಳೆದು ನೋಡಬೇಕಾಗಿಲ್ಲ. ಬಡವರಿಗೂ ಇದು ಸಾಧ್ಯ, ಲೈನ್‌ಮ್ಯಾನನಿಗೂ ಇದರಿಂದ ಭಯವಿಲ್ಲ.

ಚೇಂಜ್‌ಓವರ್ ಇರುವ ಮನೆಗಳಲ್ಲಿ, ಮೀಟರಿನಿಂದ ಹೊರಟ ತಂತಿಯು ಚೇಂಜ್‌ಓವರನ್ನು ಮುಟ್ಟುವದಕ್ಕೆ ಮುಂಚೆ, ಅಂದರೆ ಲೈನಿನ ಕಡೆಯಲ್ಲಿ, ಒಂದು ಸಣ್ಣ ಇಂಡಿಕೇಟರ್ ದೀಪವನ್ನು ಅದರದೇ ಆದ ಸಣ್ಣ ಫ್ಯೂಸಿನೊಂದಿಗೆ ಹಾಕಿಸಿಕೊಳ್ಳಿರಿ. ಹೊರಗೆ ಕರೆಂಟು ಇದ್ದರೆ ಅದು ಉರಿಯುವದು, ಇಲ್ಲದಿದ್ದರೆ ಆರುವದು. ಒಳಗೆ ಜನರೇಟರು ಎಷ್ಟು ಗುಡುಗಿದರೂ ಅದು ಕದಲುವದಿಲ್ಲ. ಅದು ಚೇಂಜ್‌ಓವರಿನ ಮನೆಯ ಕಡೆಯಲ್ಲಿದ್ದರೆ ಯಾವಾಗಲೂ ಉರಿಯುತ್ತಲೇ ಇದ್ದು ಸುಳ್ಳು ಸಾಕ್ಷಿ ಹೇಳುವದು. ಈ ಕೆಲಸವನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನನಿಂದಲೇ ಮಾಡಿಸತಕ್ಕದ್ದು, ಮೀಟರಿನ ಸೀಲನ್ನು ಯಾರೂ ಮುಟ್ಟಕೂಡದು. ಚೇಂಜ್‌ಓವರ್ ಹಾಕಿಸುವಾಗಲೇ ಅದು ಫೇಸಿನೊಂದಿಗೆ ನ್ಯೂಟ್ರಲನ್ನೂ ಬೇರ್ಪಡಿಸುವ ಜಾತಿಯದೋ ಎಂದು ಅವನನ್ನು ಕೇಳಿರಿ. ಎರಡೂ ಬೇರ್ಪಟ್ಟರೆ ಮಾತ್ರ ಮನೆಯು ಕಂಬದಿಂದ ಪೂರ್ತಿಯಾಗಿ ಬಿಟ್ಟಂತಾಗುವದು. ದೀಪವನ್ನು ಬೋರ್ಡಿನ ಹಿಂದೆ ಅಡಗಿಸದೆ, ಅಡಿಗೆಮನೆಯಿಂದಲೋ ನಡುಮನೆಯಿಂದಲೋ ಕಾಣುವಂತೆ ಇಡಿಸಿರಿ. ದೀಪದೊಂದಿಗೆ ಒಂದು ಸಣ್ಣ ಗಂಟೆಯನ್ನೂ, ಅದನ್ನು ಸುಮ್ಮನಾಗಿಸುವ ಒಂದು ಸ್ವಿಚ್ಚನ್ನೂ ಇಡಿಸಿದರೆ ನಿದ್ದೆಯಲ್ಲಿದ್ದವರಿಗೂ ತಿಳಿಯುವದು.

ಪಂಪುಸೆಟ್ಟು ಇಟ್ಟುಕೊಂಡು ತ್ರೀ ಫೇಸ್ ಲೈನು ತೆಗೆದುಕೊಂಡವರು ಕೆಂಪು, ಹಳದಿ, ನೀಲಿ ಎಂಬ ಮೂರು ದೀಪಗಳನ್ನು ಹಾಕಿಸತಕ್ಕದ್ದು. ಕೆಲವು ಸಾರಿ ಮೂರರಲ್ಲಿ ಎರಡೇ ಫೇಸುಗಳು ತಿರುಗಿ ಬರುತ್ತವೆ. ಆಗ ಮೋಟರನ್ನು ಚಾಲೂ ಮಾಡಿದರೆ ಅದು ತಿರುಗದೆ ಗುಂಯ್ಗುಟ್ಟಿ, ಒಳಗಿನ ಸುತ್ತುಗಳು ಸುಟ್ಟುಹೋಗುವವು. ಮೂರೂ ದೀಪಗಳು ಒಂದೇ ಸಮವಾಗಿ ಉರಿದರೆ ಮಾತ್ರ ಬಂತೆಂದು ಎಣಿಸಿರಿ. ಒಂದು ಮಂಕಾಗಿ ಉರಿದರೆ, ಅದು ಬರಲಿಲ್ಲವೆಂದೇ ತಿಳಿಯಿರಿ.

ಇವೊಂದೂ ಇಲ್ಲದವರಿಗೆ ನೆರೆಮನೆಯೇ ಸಾಕ್ಷಿ. ಜನರೇಟರಿಲ್ಲದ ನೆರೆಯವರ ಕಿಟಕಿಯಲ್ಲಿ ಬೆಳಕು ಕಂಡರೆ ಊರಿಗೆ ಕರೆಂಟು ಬಂದಿದೆ. ಆದರೆ ಆ ಮನೆಯು ನಮ್ಮ ಟ್ರಾನ್ಸ್‌ಫಾರ್ಮರಿಗೇ, ನಮ್ಮ ಫೇಸಿಗೇ ಸೇರಿದೆಯೋ ಎಂಬದನ್ನು ಮೊದಲೇ ವಿಚಾರಿಸಿಕೊಳ್ಳಿರಿ. ಅವರ ಮನೆಯಲ್ಲಿ ಬ್ಯಾಟರಿಯ ಇನ್ವರ್ಟರು ಇದ್ದರೆ ಆ ಬೆಳಕು ಸಾಕ್ಷಿಗೆ ನಿಲ್ಲುವದಿಲ್ಲ. ಬೀದಿಯ ದೀಪವು ರಾತ್ರಿಯಲ್ಲಿ ಮಾತ್ರ ಹೇಳುವದು, ಹಗಲಿನಲ್ಲಿ ಮೌನ. ನಮ್ಮ ಮನೆಯಲ್ಲಿಯೇ ಇನ್ವರ್ಟರು ಇದ್ದು, ಅದರ ಮೇಲೆ ಮೇನ್ ಬಂತೆಂದು ತೋರಿಸುವ ಸಣ್ಣ ದೀಪವಿದ್ದರೂ, ಇನ್ವರ್ಟರಿಗೆ ಕರೆಂಟು ಬರುವದು ಚೇಂಜ್‌ಓವರಿನ ಮನೆಯ ಕಡೆಯಿಂದಾದರೆ ಅದು ಜನರೇಟರಿನ ಕರೆಂಟನ್ನೇ ಮೇನ್ ಎಂದು ಹೇಳುವದು. ಅನೇಕ ಮನೆಗಳಲ್ಲಿ ಈಗ ಇರುವ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಕರೆಂಟು ಇರುವಾಗ ಒಂದು ಸಣ್ಣ ಬೆಳಕು ಕಾಣುತ್ತದೆ. ಮೀಟರು ಲೈನಿನ ಕಡೆಗೇ ಸೇರಿದ್ದಾದ್ದರಿಂದ ಅದರ ಮಾತನ್ನು ನಂಬಬಹುದು. ಕಣ್ಣಿನಿಂದ ನೋಡಿರಿ, ಕೈಯಿಂದ ಮುಟ್ಟಬೇಡಿರಿ. ಒದ್ದೆಯಾದ ಕೈಯಲ್ಲಿ ಟೆಸ್ಟರು ಹಿಡಿದು ಮೇನ್ ಬೋರ್ಡಿನೊಳಗೆ ಹುಡುಕುವದು ಯಾರಿಗೂ ತಕ್ಕದ್ದಲ್ಲ.

ಹಣವುಳ್ಳವರು ಸ್ವಯಂಚಾಲಿತ ಚೇಂಜ್‌ಓವರನ್ನು ಹಾಕಿಸಬಹುದು. ಅದು ಹೊರಗಿನ ತಂತಿಯನ್ನು ಸದಾ ಗಮನಿಸುತ್ತಾ, ಕರೆಂಟು ಬಂದು ಕೆಲವು ನಿಮಿಷ ಸ್ಥಿರವಾಗಿ ನಿಂತದ್ದನ್ನು ಕಂಡ ಮೇಲೆ, ಮನೆಯನ್ನು ಲೈನಿಗೆ ತಿರುಗಿಸಿ, ಜನರೇಟರನ್ನು ತಾನೇ ನಿಲ್ಲಿಸುತ್ತದೆ. ನಮ್ಮ ಸಭೆಯ ಹೆಚ್ಚು ಮಂದಿಗೆ ಅದು ನಿಲುಕದ್ದು. ನಿಲುಕದಿದ್ದರೆ ಚಿಂತೆಯಿಲ್ಲ, ಹೊರಗಡೆಯ ಒಂದು ಸಣ್ಣ ದೀಪ ಸಾಕು.

ನಾಲ್ಕನೆಯದಾಗಿ, ತಿಳಿದ ಮೇಲೆ ಮಾಡತಕ್ಕದ್ದೇನು?

ಬಂದ ಕೂಡಲೆ ಹಾರಿ ಎದ್ದು ಹಿಡಿಯನ್ನು ತಿರುಗಿಸಬೇಡಿರಿ. ಬಿರುಗಾಳಿಯ ದಿನಗಳಲ್ಲಿ ಕರೆಂಟು ಬರುವದೂ ಹೋಗುವದೂ ಎರಡು ಮೂರು ಸಾರಿ ಆಗುವದುಂಟು; ಮೊದಲ ಗಳಿಗೆಯಲ್ಲಿ ಅದರ ಬಲವು ಹೆಚ್ಚುಕಡಿಮೆಯಾಗಿ ಫ್ರಿಜ್ಜು ಮೊದಲಾದವುಗಳನ್ನು ಕೆಡಿಸುವದೂ ಉಂಟು. ಹತ್ತು ಹದಿನೈದು ನಿಮಿಷ ಕಾಯಿರಿ. ಬೋರ್ಡಿನ ಮೇಲೆ ವೋಲ್ಟ್‌ಮೀಟರು ಇದ್ದರೆ 230ರ ಆಸುಪಾಸಿನಲ್ಲಿ ಮುಳ್ಳು ನಿಂತಿದೆಯೋ ನೋಡಿರಿ. 200ಕ್ಕಿಂತ ಕೆಳಗೆ ಅಥವಾ 250ಕ್ಕಿಂತ ಮೇಲೆ ಇದ್ದರೆ ಇನ್ನೂ ಕಾಯಿರಿ. ಅನಂತರ ಭಾರವಾದ ಉಪಕರಣಗಳನ್ನು ಆರಿಸಿ, ಹಿಡಿಯನ್ನು ಜನರೇಟರಿನಿಂದ ನಡುವಿನ ಸ್ಥಾನಕ್ಕೆ ತಂದು, ಅಲ್ಲಿ ಒಂದು ಗಳಿಗೆ ನಿಲ್ಲಿಸಿ, ಆಮೇಲೆ ಲೈನಿನ ಕಡೆಗೆ ಹಾಕಿರಿ. ಉಪಕರಣಗಳನ್ನು ಒಂದೊಂದಾಗಿ ಚಾಲೂ ಮಾಡಿರಿ. ಜನರೇಟರನ್ನು ಮೂರು ನಾಲ್ಕು ನಿಮಿಷ ಭಾರವಿಲ್ಲದೆ ಓಡಲು ಬಿಟ್ಟು, ಅದರ ಕಾವು ಇಳಿದ ಮೇಲೆ ನಿಲ್ಲಿಸಿ, ಎಣ್ಣೆಯ ಕೀಲಿಯನ್ನು ಮುಚ್ಚಿರಿ. ಎಣ್ಣೆ ತುಂಬುವದು ಯಂತ್ರವು ಪೂರ್ತಿ ತಣ್ಣಗಾದ ಮೇಲೆಯೇ.

ಕಾವಲು ಸುಲಭವಾಗಲೆಂದು ಜನರೇಟರನ್ನು ಜಗಲಿಗೆ ಅಥವಾ ಒಳಗೆ ತಂದಿಡುವವರಿಗೆ ಒಂದು ಮಾತು. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯುವುಂಟು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಾವು ಉಸಿರಾಡುವ ಪ್ರಾಣವಾಯುವಿಗಿಂತ 200 ಪಾಲಿಗೂ ಮಿಕ್ಕಿ ಅದು ರಕ್ತಕ್ಕೆ ಅಂಟಿಕೊಳ್ಳುತ್ತದೆ. ಮಲಗಿದವರು ಮಲಗಿದಂತೆಯೇ ಹೋಗಿಬಿಡುತ್ತಾರೆ. ಆದದರಿಂದ ಯಂತ್ರವು ಮನೆಯಿಂದ 20 ಅಡಿಗಾದರೂ ದೂರದಲ್ಲಿ, ಬಯಲಿನಲ್ಲಿ, ಕಿಟಕಿ ಬಾಗಿಲುಗಳಿಗೆ ಹೊಗೆಯ ಬಾಯಿಯನ್ನು ತಿರುಗಿಸದೆ ಇರಲಿ. ಯಂತ್ರವನ್ನು ಒಳಗೆ ತಂದು ಕಾವಲು ಮಾಡುವದಕ್ಕಿಂತ, ದೀಪವನ್ನು ಕಾಣುವ ಸ್ಥಳದಲ್ಲಿಟ್ಟು ಕಾವಲು ಮಾಡುವದು ಉತ್ತಮ. ರಾತ್ರಿಯಲ್ಲಿ ಅದನ್ನು ನಡಿಸಲೇಬೇಕಾದರೆ ಮನೆಯಲ್ಲಿ ಒಬ್ಬರು ಎಚ್ಚರವಾಗಿರಲಿ. ಎಚ್ಚರವಾಗಿರಲು ಯಾರೂ ಇಲ್ಲದಿದ್ದರೆ ಅದನ್ನು ಆರಿಸಿ ಮಲಗಿರಿ.

ದಾರಿಯಲ್ಲಿ ತಂತಿ ಕಡಿದು ಬಿದ್ದದ್ದನ್ನು ಕಂಡರೆ, ಊರಿಗೆಲ್ಲಾ ಕರೆಂಟಿಲ್ಲ, ಇದರಲ್ಲಿ ಜೀವವಿರದು ಎಂದು ನೆನಸಬೇಡಿರಿ. ಅದು ಯಾವ ಗಳಿಗೆಯಲ್ಲಿಯೂ ತಿರುಗಿ ಬರಬಹುದು. ಯಾರದೋ ಮನೆಯ ಜನರೇಟರು ಅದಕ್ಕೆ ಜೀವ ಕೊಟ್ಟಿರಲೂಬಹುದು. ದನಕರುಗಳನ್ನೂ ಮಕ್ಕಳನ್ನೂ ದೂರ ನಿಲ್ಲಿಸಿ, 1912ಕ್ಕೆ ಫೋನು ಮಾಡಿ ತಿಳಿಸಿರಿ.

ಕಡೆಯದಾಗಿ, ಪ್ರಿಯರೇ, ಈ ಮಾತುಗಳನ್ನು ಕೇಳಿ, ಇದು ಎಲೆಕ್ಟ್ರಿಷಿಯನ್ನನ ಪಾಠ, ಸಭೆಯಲ್ಲಿ ಇದಕ್ಕೆ ಕೆಲಸವೇನು ಎಂದು ಯಾರೂ ಅನ್ನಬಾರದು. ನೆರೆಯವನನ್ನು ಪ್ರೀತಿಸಬೇಕೆಂದು ನಾವು ವಾರವಾರವೂ ಕೇಳುತ್ತೇವೆ. ನೆರೆಯವನೆಂದರೆ ನಮ್ಮ ಜಗಲಿಯಲ್ಲಿ ಕೂತವನು ಮಾತ್ರವೆಂದು ಎಣಿಸುತ್ತೇವೆ. ಅರ್ಧ ಮೈಲು ಆಚೆ, ಕತ್ತಲೆಯಲ್ಲಿ, ನಮಗೆ ಹೆಸರೂ ಗೊತ್ತಿಲ್ಲದೆ ಕಂಬದ ಮೇಲೆ ನಿಂತವನೂ ನಮ್ಮ ನೆರೆಯವನೇ. ನಮ್ಮ ಮನೆಯ ಒಂದು ಹಿಡಿಯು ಅವನ ಕೈಗೂ ಮರಣಕ್ಕೂ ನಡುವೆ ಇರುವದಾದ್ದರಿಂದ ಅವನು ನಮಗೆ ಬಹಳ ಸಮೀಪದ ನೆರೆಯವನು. ಅವನನ್ನು ಪ್ರೀತಿಸುವದು ಹೇಗೆ? ಅವನಿಗೆ ಊಟವಿಕ್ಕುವದರಿಂದಲ್ಲ, ಅವನ ಹೆಸರು ಹಿಡಿದು ಪ್ರಾರ್ಥಿಸುವದರಿಂದ ಮಾತ್ರವೂ ಅಲ್ಲ. ಎರಡು ತುದಿಗೂ ಪಿನ್ನುಳ್ಳ ಆ ತಂತಿಯನ್ನು ಈ ಹೊತ್ತೇ ಕತ್ತರಿಸಿ ಬಿಸಾಡುವದರಿಂದ.

ಇನ್ನೂ ಒಂದನ್ನು ನೆನಸಿಕೊಳ್ಳೋಣ. ಸ್ವಂತ ಬೆಳಕಿನಲ್ಲಿರುವವನು ಹೊರಗೆ ದೊಡ್ಡ ಬೆಳಕು ಬಂದದ್ದನ್ನು ಅರಿಯುವದಿಲ್ಲವೆಂದು ಮೇಲೆ ಹೇಳಿದೆವು. ಇದು ಜನರೇಟರಿಗೆ ಮಾತ್ರ ಸಲ್ಲುವ ಮಾತಲ್ಲ. ಕಷ್ಟದಲ್ಲಿ ನಾವು ಹಚ್ಚಿಕೊಂಡ ಉಪಾಯಗಳು ಕಷ್ಟ ತೀರಿದ ಮೇಲೂ ಗುಡುಗುತ್ತಲೇ ಇರುತ್ತವೆ. ಬರಗಾಲದಲ್ಲಿ ಕಲಿತ ಜಿಪುಣತನವು ಸುಗ್ಗಿಯಲ್ಲಿಯೂ ಬಿಡುವದಿಲ್ಲ. ಜಗಳದ ದಿನದಲ್ಲಿ ಮುಚ್ಚಿದ ಬಾಗಿಲು ಸಮಾಧಾನವಾದ ಮೇಲೂ ಮುಚ್ಚಿರುತ್ತದೆ. ಆಚೆಮನೆಯವರು ಒಂದಾಗಲು ಎಂದೋ ಸಿದ್ಧರಾಗಿದ್ದಾರೆ, ನಮಗೆ ಮಾತ್ರ ನಮ್ಮ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ದೇವರ ಕೃಪೆಯೂ ಹೀಗೆಯೇ ಅನೇಕ ಸಾರಿ ನಮ್ಮ ಹೊಸ್ತಿಲಿಗೆ ಬಂದು ನಿಂತಿರುತ್ತದೆ. ನಮ್ಮೊಳಗೆ ಒಂದು ಸಣ್ಣ ದೀಪವಾದರೂ ನಮ್ಮ ಸ್ವಂತ ಎಣ್ಣೆಯಿಂದ ಉರಿಯದೆ, ಆತನ ಕಡೆಗೇ ಸೇರಿದ್ದಾಗಿರಲಿ; ಅದು ಹತ್ತಿದಾಗ ನೋಡುವಂತೆ ನಮ್ಮ ಕಣ್ಣು ಆ ಕಡೆಗೆ ತಿರುಗಿರಲಿ.

ಮಳೆಗಾಲಕ್ಕೆ ಮುಂಚೆ ಪ್ರತಿಯೊಬ್ಬ ಮನೆಯ ಯಜಮಾನನೂ ಯಜಮಾನಿತಿಯೂ ಮೂರು ಸಂಗತಿಗಳನ್ನು ವಿಚಾರಿಸಿಕೊಳ್ಳಲಿ. ನಮ್ಮ ಜನರೇಟರು ಲೈನಿಗೆ ಸೇರದಂತೆ ತಡೆಯಿದೆಯೋ? ಹೊರಗೆ ಕರೆಂಟು ಬಂದದ್ದನ್ನು ಹೇಳುವ ಸಾಕ್ಷಿಯು ಹೊರಗಡೆಗೆ ಸೇರಿದೆಯೋ? ಅದನ್ನು ಕಂಡಾಗ ಏನು ಮಾಡತಕ್ಕದ್ದೆಂದು ಮನೆಯ ದೊಡ್ಡ ಮಕ್ಕಳಿಗೂ ಗೊತ್ತಿದೆಯೋ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ನಮ್ಮ ಮಾಳಿಗೆಗೆ ಗೋಡೆ ಎದ್ದಿತು. ಇಲ್ಲವೆಂಬ ಉತ್ತರ ಬಂದರೆ, ಅದನ್ನು ಎಬ್ಬಿಸುವ ತನಕ ಸೀಮೆಎಣ್ಣೆಯ ಬುಡ್ಡಿಯ ಬೆಳಕೇ ನಮಗೆ ಸಾಕಾಗಲಿ.